ಅಲ್ಪವಿರಾಮಕ್ಕೆ ಪ್ರವೇಶವಿಲ್ಲ

'ವಿಳಾಸದಲ್ಲಿ ಅಲ್ಪವಿರಾಮ ಬಳಸಬಾರದು.' ಆನ್‌ಲೈನ್ ಅರ್ಜಿಯ ನೆತ್ತಿಯ ಮೇಲಿನ ಈ ಕೆಂಪಕ್ಷರದ ಅಪ್ಪಣೆ ನೀವೂ ನೋಡಿರುತ್ತೀರಿ. ಮುಂಬಯಿಯಲ್ಲಿ ಮನೆ ಸಿಗುವುದೇ ಕಷ್ಟ, ಸಿಕ್ಕ ಮನೆಯ ವಿಳಾಸವನ್ನು ಅಲ್ಪವಿರಾಮವಿಲ್ಲದೆ ಬರೆಯುವುದು ಇನ್ನೂ ಕಷ್ಟ. 'ರೂಮ್ ನಂ. 14, 2ನೇ ಮಹಡಿ, ಚಾಳ್ ನಂ. 3, ಹೋಟೆಲಿನ ಹಿಂದೆ, ಸಾಂತಾಕ್ರೂಜ್ ಪೂರ್ವ, ಮುಂಬಯಿ 400055.' ಐದನ್ನೂ ಕಿತ್ತು ನೋಡಿ, ಚಾಳಿಗೆ 142ನೇ ಮಹಡಿ ಬಂದಿರುತ್ತದೆ.

ಅರ್ಜಿಯ ಒಳಗೊಂದು ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಮು, ಕೂತಿದೆ. ಕಾಲಂಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸುವ ಸಿಎಸ್‌ವಿ ಫೈಲಿನ ಸಾಲನ್ನು ಅಲ್ಪವಿರಾಮ ಕಂಡಲ್ಲೆಲ್ಲ ಕೊತ್ತಂಬರಿಯಂತೆ ಹೆಚ್ಚುವುದೇ ಅದರ ವಿದ್ಯೆ. ಹೆಸರು, ವಿಳಾಸ, ಫೋನು ಎಂದು ಮೂರಿರಬೇಕಾದ ಕಾಲಂ ಎಂಟಾಗುತ್ತವೆ. ವಿಳಾಸದ ಜಾಗದಲ್ಲಿ 'ರೂಮ್ ನಂ. 14', ಫೋನಿನ ಜಾಗದಲ್ಲಿ '2ನೇ ಮಹಡಿ'. ಒಟಿಪಿ ಬರಲಿಲ್ಲವೆಂದು ಗೊಣಗಬೇಡಿ, ಪಾಪ, ಮೆಟ್ಟಿಲು ಹತ್ತುತ್ತಿದೆ.

ಈ ಸ್ಕ್ರಿಪ್ಟಿಗೆ ತಕ್ಕ ಪ್ರಜೆಗಳು ನಮ್ಮ ತಾಳೆಗರಿಯ ಲಿಪಿಕಾರರು. ಅಲ್ಪವಿರಾಮ ಹಾಗಿರಲಿ, ಪದಗಳ ನಡುವೆ ಜಾಗವನ್ನೂ ಬಿಡುತ್ತಿರಲಿಲ್ಲ. ಪಂಪನಾದರೆ ಇಡೀ ಅರ್ಜಿಯನ್ನು ಒಂದೇ ಉಸಿರಿಗೆ ತುಂಬಿಬಿಡುತ್ತಿದ್ದ. ಅಚ್ಚುಮೊಳೆಯ ಜೊತೆ ಬಂದ ಈ ಬಾಲದ ಚುಕ್ಕಿಯನ್ನು ನಾವು ಮೇಷ್ಟರ ಏಟು ತಿಂದು ಕಲಿತೆವು. ಈಗ ಅದೇ ಅಪರಾಧ.

ಸ್ಕ್ರಿಪ್ಟ್ ಬರೆದವರೇ, ಮದ್ದು ಸಿಎಸ್‌ವಿಯ ರೂಪವನ್ನು ವಿವರಿಸುವ 2005ರ ಆರ್‌ಎಫ್‌ಸಿ 4180 ಎಂಬ ದಾಖಲೆಯಲ್ಲೇ ಇದೆ: ಅಲ್ಪವಿರಾಮವಿರುವ ಭಾಗವನ್ನು ಜೋಡಿ ಉದ್ಧರಣ ಚಿಹ್ನೆಯೊಳಗಿಡಿ, ಒಳಗೂ ಅದೇ ಚಿಹ್ನೆ ಬಂದರೆ ಎರಡು ಸಲ ಬರೆಯಿರಿ. ಪೈಥಾನ್ ಭಾಷೆಯಲ್ಲಿ ಕಂಡಲ್ಲೆಲ್ಲ ಕತ್ತರಿಸುವ ಸ್ಪ್ಲಿಟ್ ಬಿಟ್ಟು, ಉದ್ಧರಣ ಚಿಹ್ನೆ ಬಲ್ಲ ಸಿಎಸ್‌ವಿ ರೀಡರ್ ಹಿಡಿಯಿರಿ. ಫೈಲ್ ತೆರೆಯುವಾಗ ನ್ಯೂಲೈನ್ ಎಂಬ ಆಯ್ಕೆಗೆ ಖಾಲಿ ಸ್ಟ್ರಿಂಗ್ (newline='') ಕೊಡಿ, ವಿಳಾಸದ ನಡುವೆ ಎಂಟರ್ ಒತ್ತಿದವರೂ ಬದುಕಿಕೊಳ್ಳುತ್ತಾರೆ. ಎನ್‌ಕೋಡಿಂಗ್ 'ಯುಟಿಎಫ್-8-ಸಿಗ್' (utf-8-sig) ಇರಲಿ. ಇಲ್ಲದಿದ್ದರೆ ಎಕ್ಸೆಲ್ ಫೈಲಿನ ತಲೆಗೆ ಅಂಟಿಸಿದ ಮೂರು ಬೈಟಿನ ಕಣ್ಣಿಗೆ ಕಾಣದ ಗುರುತು ಮೊದಲ ಕಾಲಂಗೆ ಮೆತ್ತಿಕೊಂಡು, ಕಣ್ಣೆದುರಿರುವ 'ಹೆಸರು' ಸಿಗಲಿಲ್ಲವೆಂದು ಸ್ಕ್ರಿಪ್ಟ್ ಅಳುತ್ತದೆ. ಉದ್ಧರಣ ಚಿಹ್ನೆಯಿಲ್ಲದೆ ಉಳಿಸಿಟ್ಟ ಹಳೇ ಫೈಲಿಗೆ ರೀಡರ್ ಕೂಡ ನಿರುಪಾಯ. ಅಲ್ಲಿ ಮೊದಲ ತುಂಡು ಹೆಸರು, ಕೊನೆಯದು ಫೋನು, ನಡುವಿನದನ್ನೆಲ್ಲ ಹೊಲಿದರೆ ವಿಳಾಸ. ಆಮೇಲೂ ಮೂರು ಕಾಲಂ ಬಾರದ ಸಾಲುಗಳ ನಂಬರು ಅಚ್ಚು ಹಾಕಿಸಿ, ಕಣ್ಣಿಂದಲೇ ನೋಡಿ.

ಒಂದು ಮಧ್ಯಾಹ್ನದ ಕೆಲಸ ಇದು. ಅಷ್ಟನ್ನೂ ಮಾಡಲಾರದೆ, ದಿನದ ಕೂಲಿ ಬಿಟ್ಟು ಸೈಬರ್ ಕೆಫೆಯಲ್ಲಿ ಕಾದು ಕೂತವನ ಅರ್ಜಿಗೆ 'ಅಮಾನ್ಯ' ಎಂದು ಮೊಹರು ಒತ್ತುತ್ತೀರಿ. ನಾಚಿಕೆಯಾಗಬೇಕು.

ಅರ್ಜಿಯ ಕೆಳಗೊಂದು ಸಹಾಯವಾಣಿಯನ್ನೂ ಕೊಟ್ಟಿದ್ದಾರೆ. 022ರಿಂದ ಶುರುವಾಗಬೇಕಾದ ಆ ನಂಬರಿನ ಮೊದಲ ಸೊನ್ನೆಯನ್ನು ಎಕ್ಸೆಲ್ ನುಂಗಿದೆ.