ಪರದೆಗೆ ಅಮಾವಾಸ್ಯೆ

ಕನ್ನಡಕದ ನಂಬರು ಏರಿದ ದಿನ ಮಗಳು ನನ್ನ ಫೋನು, ಲ್ಯಾಪ್‌ಟಾಪು ಎರಡನ್ನೂ ಎಳೆದುಕೊಂಡು ಡಾರ್ಕ್ ಮೋಡ್ ಹಾಕಿಬಿಟ್ಟಳು. "ಕಣ್ಣಿಗೆ ತಂಪಪ್ಪಾ, ಇನ್ಮೇಲೆ ಹೀಗೇ ಇರಲಿ" ಅಂದಳು. ಬೆಳ್ಳಗಿದ್ದದ್ದೆಲ್ಲ ಕಪ್ಪಾಯಿತು, ಕಪ್ಪಗಿದ್ದದ್ದೆಲ್ಲ ಬೆಳ್ಳಗಾಯಿತು. ಒಂದೇ ಒಂದು ಗುಂಡಿ. ತಲೆಗೂದಲಿಗೂ ಇಂಥದ್ದೊಂದು ಗುಂಡಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅಂದುಕೊಂಡೆ.

ಮೊದಲು ಕಂಡದ್ದು ನನ್ನದೇ ಮುಖ. ಬಿಳಿ ಪರದೆಯ ಹಿಂದೆ ಇಷ್ಟು ವರ್ಷ ಅಡಗಿ ಕೂತಿದ್ದ ಆಸಾಮಿ ಈಗ ಎರಡು ಸಾಲಿನ ನಡುವೆ ಇಣುಕತೊಡಗಿದ. ಗಲ್ಲದ ಕೆಳಗೆ ಇನ್ನೊಂದು ಗಲ್ಲ. ಮುಖದ ತುಂಬ ಬೆರಳಚ್ಚು. ಬಟ್ಟೆ ತಂದು ಒರೆಸಿದೆ. ಬೆರಳಚ್ಚು ಹೋಯಿತು, ಗಲ್ಲ ಹೋಗಲಿಲ್ಲ.

ಹೆಂಡತಿ ಹಿಂದಿನಿಂದ ನೋಡಿ, "ಇದೇನ್ರೀ, ಮತ್ತೆ ಹಳೇ ಕಂಪ್ಯೂಟರ್ ಹಿಡ್ಕೊಂಡು ಕೂತಿದ್ದೀರಾ?" ಅಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಕೆಲಸ ಕಲಿತದ್ದೇ ಕಪ್ಪು ಪರದೆಯ ಮೇಲಿನ ಹಸಿರು ಅಕ್ಷರಗಳ ಮುಂದೆ. 1981ರಲ್ಲಿ ಐಬಿಎಂ ಪಿಸಿ ಬಂದಾಗ ಅದರ ಜೊತೆಗಿದ್ದ ಮಾನಿಟರ್ ಕೂಡ ಹಾಗೇ, ಕಪ್ಪಿನ ಮೇಲೆ ಹಸಿರು. ಆಗ ಅದಕ್ಕೆ ಯಾರೂ ಡಾರ್ಕ್ ಮೋಡ್ ಅನ್ನುತ್ತಿರಲಿಲ್ಲ. ಮಾನಿಟರ್ ಅನ್ನುತ್ತಿದ್ದರು, ಅಷ್ಟೆ. 1984ರಲ್ಲಿ ಆಪಲ್‌ನವರ ಮ್ಯಾಕಿಂತೋಷ್ ಕಂಪ್ಯೂಟರ್ ಬಂದು, ಕಾಗದದ ಹಾಗೆ ಬಿಳಿ ಪರದೆಯ ಮೇಲೆ ಕಪ್ಪು ಅಕ್ಷರ ತೋರಿಸಿತು. ನನ್ನ ಮೇಜಿಗೆ ಬಿಳಿ ಪರದೆ ಬಂದ ದಿನ ನನಗಂತೂ ಬಡ್ತಿ ಸಿಕ್ಕಷ್ಟೇ ಖುಷಿ. ಆಮೇಲೆ 2018ರಲ್ಲಿ ಮ್ಯಾಕ್‌ಗೆ, 2019ರಲ್ಲಿ ಆಂಡ್ರಾಯ್ಡ್ 10 ಮತ್ತು ಐಓಎಸ್ 13ರ ಜೊತೆ ಫೋನುಗಳಿಗೆ ಕಪ್ಪು ವಾಪಸ್ ಬಂತು, ಹೊಸ ಸೌಲಭ್ಯ ಅನ್ನುವ ಹೆಸರಿನಲ್ಲಿ. ಎಷ್ಟು ಆಸೆಪಟ್ಟು ಬಿಟ್ಟು ಬಂದಿದ್ದೆ ಅದನ್ನು!

ಸರಿ, ಕಣ್ಣಿಗೆ ತಂಪಲ್ವಾ ಅಂತ ಒಗ್ಗಿಕೊಂಡೆ. ಅಷ್ಟರಲ್ಲಿ ಮೇಲ್ ಪ್ರಸಂಗ ಆಯಿತು.

ಕೆಲಸ ಮೂರು ವಾರ ತಡವಾದದ್ದು ಯಾಕೆ ಅಂತ ನಾನು ವಿವರಣೆ ಕೊಡಬೇಕಿತ್ತು. ರಾತ್ರಿ ಕೂತು ಒಂದು ಕಡೆ ಚೆನ್ನಾಗಿ ಬರೆದುಕೊಂಡೆ. ಬೆಳಿಗ್ಗೆ ಅದನ್ನು ಕಾಪಿ ಮಾಡಿ ಮೇಲ್‌ಗೆ ಅಂಟಿಸಿದೆ. "ಮಾನ್ಯರೇ" ಮತ್ತು ಕೆಳಗಿನ ನನ್ನ ಹೆಸರು ಮಾತ್ರ ಅಲ್ಲೇ ಟೈಪ್ ಮಾಡಿದ್ದು. ಕಳಿಸಿ ನಿರಾಳವಾಗಿ ಉಸಿರು ಬಿಟ್ಟೆ. ಅಂಟಿಸುವಾಗ ಅಕ್ಷರದ ಜೊತೆ ಅದರ ಬಣ್ಣವೂ ಬರುತ್ತದೆ ಅನ್ನುವುದು ನನಗೆ ಹೊಳೆದಿರಲಿಲ್ಲ. ನನ್ನ ಕಪ್ಪು ಪರದೆಯಲ್ಲಿ ಆ ಬಿಳಿ ಅಕ್ಷರಗಳು ಮುತ್ತಿನ ಹಾಗೆ ಹೊಳೆಯುತ್ತಿದ್ದವು. ಮೇಲಧಿಕಾರಿಯ ಪರದೆ ಬಿಳಿ. ಅವರಿಗೆ ಕಂಡದ್ದು "ಮಾನ್ಯರೇ", ಆಮೇಲೆ ಒಂದು ದೊಡ್ಡ ಬಯಲು, ಆಮೇಲೆ ನನ್ನ ಹೆಸರು.

ಉತ್ತರ ಬಂತು: "ನಿಮ್ಮ ವಿವರಣೆ ನೋಡಿದೆ. ಹೇಳಿಕೊಳ್ಳಲು ಏನೂ ಇಲ್ಲ ಎಂದು ತಿಳಿಯಿತು."

ಅಲ್ಲಿಗೇ ಮುಗಿದಿದ್ದರೆ ಪರವಾಗಿರಲಿಲ್ಲ. ಸಹೋದ್ಯೋಗಿಯೊಬ್ಬ ಆ ಬಯಲಿನ ಮೇಲೆ ಸುಮ್ನೆ ಮೌಸ್ ಎಳೆದನಂತೆ. ಅಡಗಿದ್ದ ನೆಪಗಳೆಲ್ಲ ಒಂದೊಂದಾಗಿ ಎದ್ದು ಬಂದವು. ಎಲ್ಲರನ್ನೂ ಕರೆದು ಜೋರಾಗಿ ಓದಿಸಿದರಂತೆ. ಈಗ ನಾನು ಕಂಟ್ರೋಲ್, ಶಿಫ್ಟ್, ವಿ ಮೂರನ್ನೂ ಒಟ್ಟಿಗೆ ಒತ್ತಿ ಬಣ್ಣ ಕಳಚಿಯೇ ಅಂಟಿಸುತ್ತೇನೆ.

ಸಹಿಯದ್ದು ಇದರ ಉಲ್ಟಾ ಕಥೆ. ಕಪ್ಪು ಶಾಯಿಯ ಸಹಿಯನ್ನು ಸ್ಕ್ಯಾನ್ ಮಾಡಿ, ಹಿಂದಿನ ಬಿಳಿಯನ್ನು ತೆಗೆಸಿ ಇಟ್ಟುಕೊಂಡಿದ್ದೆ. ಒಂದು ಪತ್ರದ ಕೊನೆಗೆ ಅದನ್ನು ಸೇರಿಸಿದೆ. ಕಾಣಲಿಲ್ಲ. ಮತ್ತೆ ಸೇರಿಸಿದೆ. ಊಹೂಂ. ಮೂರನೇ ಸಲವೂ ಕಾಣದಿದ್ದಾಗ ಇಂಟರ್ನೆಟ್ಟಿಗೆ ಬೈದು ಹಾಗೇ ಕಳಿಸಿದೆ. ಆ ಕಡೆಯವರು ಫೋನ್ ಮಾಡಿ, "ಸಾರ್, ಒಪ್ಪಿಗೆ ಇದೆ ಅಂತ ಒಂದು ಸಹಿ ಹಾಕಿದ್ರೂ ನಂಬ್ತಿದ್ವಿ" ಅಂದರು.

ಬ್ಯಾಟರಿ ಉಳಿಯುತ್ತದೆ ಅನ್ನುವ ಸಮಾಧಾನವಾದರೂ ಇತ್ತು. ಅದನ್ನೂ ಮಗಳೇ ಕಿತ್ತುಕೊಂಡಳು. ನನ್ನ ಲ್ಯಾಪ್‌ಟಾಪಿನದು ಎಲ್‌ಸಿಡಿ ಪರದೆ. ಅದರ ಹಿಂದೆ ಒಂದು ದೀಪ ಯಾವಾಗಲೂ ಉರಿಯುತ್ತಲೇ ಇರುತ್ತದೆ. ಕಪ್ಪು ಅಂದರೆ ಆ ಬೆಳಕನ್ನು ತಡೆದು ನಿಲ್ಲಿಸಿದ್ದು, ಆರಿಸಿದ್ದಲ್ಲ. ಕಿಟಕಿ ಮುಚ್ಚಿ ಸೂರ್ಯನ ಖರ್ಚು ಉಳಿಸಿದೆ ಅಂದ ಹಾಗೆ. ಫೋನಿನದು ಓಎಲ್‌ಇಡಿ. ಅಲ್ಲಿ ಒಂದೊಂದು ಚುಕ್ಕೆಯೂ ತಾನೇ ಬೆಳಗುವುದರಿಂದ, ಅಚ್ಚ ಕಪ್ಪಿದ್ದಲ್ಲಿ ಚುಕ್ಕೆ ನಿಜವಾಗಿಯೂ ಆರಿರುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಇಂಥ ಫೋನುಗಳನ್ನು ಅಳೆದು ನೋಡಿದ್ದಾರೆ. ಬ್ರೈಟ್‌ನೆಸ್ ಶೇ. 30ರಿಂದ 50 ಇದ್ದರೆ ಡಾರ್ಕ್ ಮೋಡಿನಿಂದ ಉಳಿಯುವುದು ಸರಾಸರಿ ಶೇ. 3ರಿಂದ 9. ಪೂರ್ತಿ ಶೇ. 100 ಇಟ್ಟರೆ ಉಳಿತಾಯ ಶೇ. 39ರಿಂದ 47.

ಇದನ್ನು ಓದಿ, ಜಾಸ್ತಿ ಉಳಿಸೋಣ ಅಂತ ಬ್ರೈಟ್‌ನೆಸ್ಸನ್ನು ಪೂರ್ತಿ ಏರಿಸಿದೆ. ಮಧ್ಯಾಹ್ನಕ್ಕೇ ಫೋನು ಸತ್ತಿತು. ಉಳಿತಾಯ ಎಷ್ಟಾಯಿತು ಅಂತ ಮಗಳು ಇವತ್ತಿಗೂ ಕೇಳುತ್ತಾಳೆ.

ಇನ್ನು ಕಣ್ಣಿನ ತಂಪು. ನನ್ನ ಕನ್ನಡಕದ ಚೀಟಿಯಲ್ಲಿ ಸಿಲಿಂಡರ್ ಅನ್ನುವ ಕಾಲಮ್ಮೂ ತುಂಬಿದೆ. ಅಂದರೆ ಅಸ್ಟಿಗ್ಮ್ಯಾಟಿಸಮ್, ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ ದೋಷ. ಕಪ್ಪು ನೋಡಿದರೆ ಕಣ್ಣಿನ ಪಾಪೆ ಅಗಲವಾಗುತ್ತದೆ, ಪಾಪೆ ಅಗಲವಾದಷ್ಟೂ ಕಣ್ಣಿನ ಐಬು ಎದ್ದು ತೋರುತ್ತದೆ. ಹಾಗಾಗಿ ನನ್ನಂಥವರಿಗೆ ಕಪ್ಪಿನ ಮೇಲಿನ ಬಿಳಿ ಅಕ್ಷರಗಳು ಮಂಜಿನಲ್ಲಿ ಹಚ್ಚಿದ ದೀಪದ ಹಾಗೆ ಸುತ್ತ ಹರಡಿಕೊಳ್ಳುತ್ತವೆ. ಇಂಗ್ಲಿಷ್ ಹೇಗೋ ನಡೆಯುತ್ತದೆ. ಕನ್ನಡದಲ್ಲಿ ಒತ್ತಕ್ಷರಗಳೆಲ್ಲ ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಮಹಾಪ್ರಾಣಗಳಂತೂ ಪ್ರಾಣವನ್ನೇ ಬಿಡುತ್ತವೆ.

ಗೆಳೆಯನೊಬ್ಬ ಮೆಸೇಜ್ ಕಳಿಸಿದ್ದ: "ಅಂತೂ ಧನ ಬಂತು ಮಾರಾಯ." ಎಷ್ಟೋ ವರ್ಷದಿಂದ ಬರಬೇಕಾಗಿದ್ದ ಬಾಕಿ ಅದು. 'ಧ'ದ ಹೊಟ್ಟೆ ಸೀಳಿದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಇವನು ದನ ಯಾವಾಗ ಸಾಕಿದ ಅನ್ನುವ ಅನುಮಾನ ಬಂತಾದರೂ, ಕೇಳಿದರೆ ನೊಂದುಕೊಂಡಾನು ಅಂತ, "ಭದ್ರವಾಗಿ ಕಟ್ಟಿಹಾಕು, ಇಲ್ದಿದ್ರೆ ತಪ್ಪಿಸ್ಕೊಂಡು ಹೋಗುತ್ತೆ" ಅಂತ ಬರೆದೆ.

"ನಿಜ ಕಣೋ. ಇವತ್ತೇ ಬ್ಯಾಂಕಿಗೆ ಹಾಕ್ತೀನಿ" ಅಂತ ಉತ್ತರ ಬಂತು. ಹಣಕಾಸಿನಲ್ಲಿ ನನ್ನಷ್ಟು ತಿಳಿದವರಿಲ್ಲ ಅಂತ ಅವನು ಆಮೇಲೆ ಹತ್ತು ಜನರಿಗೆ ಹೇಳಿದ್ದಾನೆ.

ಅಚ್ಚ ಕಪ್ಪು ಬೇಡ, ಬೂದು ಹಾಕಿಕೊಳ್ಳೋಣ ಅಂತ ಹೊರಟೆ. ಗೂಗಲ್‌ನವರ ವಿನ್ಯಾಸದ ಸೂಚನೆಯಲ್ಲೂ ಡಾರ್ಕ್ ಥೀಮಿಗೆ ಹೇಳಿರುವುದು ಕಡು ಬೂದು ಬಣ್ಣವನ್ನೇ. ನನ್ನ ಸ್ವಂತ ವೆಬ್ ಪುಟವೊಂದರಲ್ಲಿ 'ಗ್ರೇ' ಅನ್ನುವುದನ್ನು ಅಳಿಸಿ 'ಡಾರ್ಕ್‌ಗ್ರೇ' ಅಂತ ಬರೆದೆ. ಬಣ್ಣ ಇನ್ನೂ ತಿಳಿಯಾಯಿತು! ಅರ್ಧ ಗಂಟೆ ಕನ್ನಡಕ ಒರೆಸಿದ ಮೇಲೆ ಗೊತ್ತಾಯಿತು, ತಪ್ಪು ನನ್ನ ಕಣ್ಣಿನದಲ್ಲ. ವೆಬ್ಬಿನ ಬಣ್ಣದ ಹೆಸರುಗಳಲ್ಲಿ ಡಾರ್ಕ್‌ಗ್ರೇ ಇರುವುದೇ ಗ್ರೇಗಿಂತ ಬೆಳ್ಳಗೆ. ಎರಡು ಬೇರೆ ಬೇರೆ ಹಳೇ ಪಟ್ಟಿಗಳನ್ನು ಸೇರಿಸಿದಾಗ ಆದ ಎಡವಟ್ಟಂತೆ, ಹಾಗೇ ಉಳಿದಿದೆ. ಆ ರಾತ್ರಿ ನಾನು ಬಣ್ಣದ ಸಹವಾಸ ಬಿಟ್ಟೆ.

ಈಗ ಎಲ್ಲವನ್ನೂ ಆಟೋಗೆ ಬಿಟ್ಟಿದ್ದೇನೆ. ಹಗಲು ಬೆಳ್ಳಗೆ, ಸೂರ್ಯ ಮುಳುಗಿದ ಕೂಡಲೇ ಕಪ್ಪಗೆ. ಮೊನ್ನೆ ಸಂಜೆ ಮುಗಿಯುವ ಲಕ್ಷಣವೇ ಇಲ್ಲದ ಒಂದು ಆನ್‌ಲೈನ್ ಮೀಟಿಂಗಿನಲ್ಲಿ ನನ್ನ ಸ್ಕ್ರೀನ್ ಹಂಚಿಕೊಂಡು ಅಂಕಿ ಅಂಶ ತೋರಿಸುತ್ತಿದ್ದೆ. ಇದ್ದಕ್ಕಿದ್ದಂತೆ ಎಲ್ಲ ಕಪ್ಪಾಯಿತು. ಕಪ್ಪು ಅಂಕಿಗಳ ಚಾರ್ಟು ಆ ಕತ್ತಲಲ್ಲಿ ಕರಗಿಹೋಯಿತು.

"ಅಯ್ಯೋ, ಕರೆಂಟ್ ಹೋಯ್ತಾ?" ಅಂದರು ಮೇಲಧಿಕಾರಿ.

ನಾನು ಒಂದು ಕ್ಷಣ ಯೋಚಿಸಿದೆ. "ಹೌದು ಸಾರ್" ಅಂದೆ.

"ಪಾಪ, ನಾಳೆ ನೋಡೋಣ ಬಿಡಿ" ಅಂದರು.

ನಾಳೆಯ ಮೀಟಿಂಗನ್ನು ನಾನೇ ಮುಂದೆ ನಿಂತು ಸಂಜೆ ಆರಕ್ಕೆ ಇಡಿಸಿದ್ದೇನೆ. ಸೂರ್ಯಾಸ್ತ ಆರೂ ಇಪ್ಪತ್ತಕ್ಕೆ.