ಕೊಡಾಕ್ ದಿವಾಳಿಯಿಂದ ಈಸ್ಟ್‌ಮನ್ ಮ್ಯೂಸಿಯಂ ಮುಚ್ಚಿಲ್ಲ

"ಕೊಡಾಕ್ ದಿವಾಳಿಯಾಯ್ತು, ಅದರ ಮ್ಯೂಸಿಯಂ ಮುಚ್ಚಿ ಹಳೆ ರೀಲುಗಳೆಲ್ಲ ಹಾಳಾದವು" ಅನ್ನೋ ಮೆಸೇಜ್ ಓಡಾಡುತ್ತಿದೆ. ಇದು ತಪ್ಪು.

ಅಮೆರಿಕದ ರಾಚೆಸ್ಟರ್‌ನಲ್ಲಿರುವ ಜಾರ್ಜ್ ಈಸ್ಟ್‌ಮನ್ ಮ್ಯೂಸಿಯಂ, ಕ್ಯಾಮೆರಾ-ಫಿಲ್ಮ್‌ಗಳಿಗೆ ಹೆಸರಾದ ಕೊಡಾಕ್ ಕಂಪನಿಯದ್ದಲ್ಲ. ಅದು ಹಳೆ ಫೋಟೋ, ಸಿನಿಮಾಗಳನ್ನು ಕಾಪಾಡುವ, ಲಾಭದ ಉದ್ದೇಶವಿಲ್ಲದ ಸ್ವತಂತ್ರ ಸಂಸ್ಥೆ. ಕೊಡಾಕ್ ಸ್ಥಾಪಕ ಈಸ್ಟ್‌ಮನ್ 1905ರಿಂದ 1932ರಲ್ಲಿ ಸಾಯುವವರೆಗೂ ಇದ್ದ ಬಂಗಲೆ ಅದು. 1947ರಲ್ಲಿ ಮ್ಯೂಸಿಯಂ ಸ್ಥಾಪನೆಯಾಯಿತು, 1949ರಲ್ಲಿ ಜನರಿಗೆ ಬಾಗಿಲು ತೆರೆಯಿತು. ಕೊಡಾಕ್ ದಿವಾಳಿ ಅರ್ಜಿ ಹಾಕಿದ್ದು 2012ರಲ್ಲಿ. ಮರುವರ್ಷ ಅದರಿಂದ ಹೊರಗೂ ಬಂತು. ಮ್ಯೂಸಿಯಂ ಬಾಗಿಲು ಮಾತ್ರ ಮುಚ್ಚಲಿಲ್ಲ.

ರೀಲುಗಳ ಮಾತು ಎಲ್ಲಿಂದ ಬಂತು? ಬಹುಶಃ 1978ರ ಬೆಂಕಿಯಿಂದ. ಆ ಮೇ ತಿಂಗಳಲ್ಲಿ ಮ್ಯೂಸಿಯಂನ ನೈಟ್ರೇಟ್ ಫಿಲ್ಮ್ (ಹಳೆ ಕಾಲದ ಸಿನಿಮಾಗಳಿಗೆ ಬಳಸುತ್ತಿದ್ದ, ಬೇಗ ಹೊತ್ತಿಕೊಳ್ಳುವ ಫಿಲ್ಮ್) ದಾಸ್ತಾನಿಗೆ ಬೆಂಕಿ ಬಿದ್ದು, 300ಕ್ಕೂ ಜಾಸ್ತಿ ಚಿತ್ರಗಳ ಮೂಲ ನೆಗೆಟಿವ್ ಸುಟ್ಟುಹೋದವು. ಅದು ನಿಜಕ್ಕೂ ದೊಡ್ಡ ನಷ್ಟ, ಸುಮ್ನೆ ಮುಚ್ಚಿಡುವಂಥದ್ದಲ್ಲ. ನೈಟ್ರೇಟ್ ಫಿಲ್ಮ್ ಉರಿಯುವಾಗ ಅದರೊಳಗಿಂದಲೇ ಆಮ್ಲಜನಕ ಬಿಡುಗಡೆಯಾಗುತ್ತದೆ. ಹಾಗಾಗಿ ನೀರಲ್ಲಿ ಮುಳುಗಿಸಿದರೂ ಆರುವುದಿಲ್ಲ. ಆದರೆ ಎಲ್ಲವೂ ಹೋಗಲಿಲ್ಲ. 1996ರಿಂದ ನೈಟ್ರೇಟ್ ರೀಲುಗಳಿಗೆಂದೇ ಊರಾಚೆ ತಂಪಾದ, ತೇವಾಂಶ ಕಡಿಮೆ ಇರುವ ಉಗ್ರಾಣವಿದೆ. ಫಿಲ್ಮ್ ಸಂರಕ್ಷಣೆ ಕಲಿಸುವ ಶಾಲೆಯನ್ನೂ ಅದೇ ವರ್ಷ ಶುರುಮಾಡಿದರು. ಉಳಿದ ರೀಲುಗಳನ್ನು ಬರೀ ಕಪಾಟಿನಲ್ಲಿಟ್ಟಿಲ್ಲ. ಬಂಗಲೆಗೆ ಹೊಂದಿಕೊಂಡಿರುವ ಡ್ರೈಡನ್ ಥಿಯೇಟರ್‌ನಲ್ಲಿ ಅಸಲಿ ನೈಟ್ರೇಟ್ ಪ್ರತಿಗಳನ್ನೇ ಓಡಿಸಿ ತೋರಿಸುವ ಉತ್ಸವ 2015ರಲ್ಲಿ ಶುರುವಾಯಿತು.