ಚೆನ್ನೈ ಸೆಕೆ, ದುರ್ಗದ ಗಾಳಿ ಮತ್ತು ಬೇಸಿಗೆಯ ಕೈತೋಟ

ಥರ್ಮಾಮೀಟರ್ ನೋಡಿದರೆ ಚೆನ್ನೈ ಬೇಸಿಗೆಗೂ ನಮ್ಮ ಚಿತ್ರದುರ್ಗ, ದಾವಣಗೆರೆ ಬೇಸಿಗೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಎರಡೂ ಕಡೆ ಮಧ್ಯಾಹ್ನ 37-38 ಡಿಗ್ರಿ ಮಾಮೂಲು. ಆದರೆ ಗಿಡಗಳಿಗೆ ಇವು ಎರಡು ಬೇರೆ ಬೇಸಿಗೆಗಳು. ನಾನಿರುವ ಚೆನ್ನೈನಲ್ಲಿ ಸಮುದ್ರದ ತೇವ ಜಾಸ್ತಿ. ರಾತ್ರಿಯೂ ಸೆಕೆ ಇಳಿಯುವುದಿಲ್ಲ. ದುರ್ಗದಲ್ಲಿ ರಾತ್ರಿ ಪರವಾಗಿಲ್ಲ, ಹಗಲು ಮಾತ್ರ ಒಣ ಗಾಳಿ. ಜೋಗಿಮಟ್ಟಿ ಕಡೆ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿದ್ದು ಸುಮ್ನೆ ಅಲ್ಲ. ಹಗ್ಗದ ಮೇಲಿನ ಬಟ್ಟೆ ನೋಡನೋಡುತ್ತಲೇ ಒಣಗುವ ಊರಿನಲ್ಲಿ ಕುಂಡದ ಮಣ್ಣೂ ಒಣಗುತ್ತದೆ, ಅಲ್ವಾ?

ಅದಕ್ಕೇ ಊರಿನವರು ಕರಾವಳಿಯವರ, ಬೆಂಗಳೂರಿನವರ ಸಲಹೆ ಕೇಳಿ ತೋಟ ಮಾಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಯುಗಾದಿ ಹೊತ್ತಿಗೆ ನರ್ಸರಿಯಿಂದ ಹೂಬಿಟ್ಟ ಗಿಡ ತರುತ್ತಾರೆ. ಕಪ್ಪು ಗ್ರೋ ಬ್ಯಾಗಿಗೆ ತೆಂಗಿನ ನಾರಿನ ಪುಡಿ ತುಂಬಿ ತಾರಸಿ ಮೇಲೆ ಇಡುತ್ತಾರೆ. ದಿನಾ ಎರಡು ಹೊತ್ತು ನೀರು ಹಾಕಿದರೂ ಎಲೆಯ ಅಂಚು ಸುಡುತ್ತದೆ. ಚೆನ್ನೈನ ತಾರಸಿಯಲ್ಲಿ ನಾರಿನ ಪುಡಿ ಚೆನ್ನಾಗಿ ಕೆಲಸ ಮಾಡುತ್ತದೆ, ನಿಜ. ನಮ್ಮ ಗಾಳಿಗೆ ಅದರ ಮೇಲ್ಪದರ ಬೇಗ ಒಣಗುತ್ತದೆ. ಒಮ್ಮೆ ಪೂರ್ತಿ ಒಣಗಿತೆಂದರೆ ನೀರನ್ನು ಹೀರಿಕೊಳ್ಳುವುದೇ ಕಷ್ಟ, ಹಾಕಿದ ನೀರು ಅಂಚಿನಿಂದ ಇಳಿದು ಹೋಗುತ್ತದೆ. ಕೆಂಪು ಮಣ್ಣು, ಹಳೇ ಗೊಬ್ಬರ ಜಾಸ್ತಿ ಇರಲಿ, ನಾರಿನ ಪುಡಿ ಸ್ವಲ್ಪ ಸಾಕು. ಚೀಲದ ಸುತ್ತ ಗೋಣಿ ಸುತ್ತಿ, ಬೇರು ಬೇಯುವುದು ತಪ್ಪುತ್ತದೆ.

ನನ್ನನ್ನು ಕೇಳಿದರೆ, ನಮ್ಮ ಕಡೆ ನೀರಿನ ಚಿಂತೆಗಿಂತ ಮೊದಲು ಮಣ್ಣು ಮುಚ್ಚುವ ಚಿಂತೆ ಮಾಡಬೇಕು. ಇದಕ್ಕೆ ನಮ್ಮಷ್ಟು ಅನುಕೂಲ ಚೆನ್ನೈನವರಿಗೂ ಇಲ್ಲ. ಚಳ್ಳಕೆರೆ ಎಣ್ಣೆ ಮಿಲ್ಲುಗಳ ಊರು, ಅಲ್ಲಿ ಶೇಂಗಾ ಸಿಪ್ಪೆ ಸಿಗುತ್ತದೆ. ದಾವಣಗೆರೆ ಸುತ್ತ ಭದ್ರಾ ಕಾಲುವೆಯ ಭತ್ತ, ಅಕ್ಕಿ ಗಿರಣಿಗಳ ಹೊಟ್ಟು. ಚನ್ನಗಿರಿ ಕಡೆ ಅಡಿಕೆ ಸಿಪ್ಪೆ. ಇದರಲ್ಲಿ ಯಾವುದಾದರೂ ಸರಿ, ಎರಡು ಇಂಚು ದಪ್ಪ ಹರಡಿ. ನೀರಿನ ಖರ್ಚು ಎಷ್ಟು ಇಳಿಯುತ್ತದೆ ಅಂತ ಒಂದೇ ವಾರದಲ್ಲಿ ಗೊತ್ತಾಗುತ್ತದೆ. ಎರೆ ಮಣ್ಣಿನ ಹಿತ್ತಲಾದರೆ ಇದು ಬೇಕೇ ಬೇಕು, ಏಕೆಂದರೆ ನೆಲ ಬಿರುಕು ಬಿಟ್ಟಾಗ ಬೇರುಗಳೂ ಹರಿಯುತ್ತವೆ. ಕೆಂಪು ನೆಲದಲ್ಲಿ ಗೆದ್ದಲಿನ ಕಾಟ ಇದೆ. ಅಲ್ಲಿ ಸಿಪ್ಪೆ ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಟ್ಟು ಹಾಕಿ, ಕೆಳಗೆ ಒಂದು ಹಿಡಿ ಬೇವಿನ ಹಿಂಡಿ ಉದುರಿಸಿ. ಹೊಟ್ಟು ಸುಟ್ಟ ಬೂದಿಯನ್ನು ಮಾತ್ರ ಗೊಬ್ಬರ ಅಂತ ಸುರಿಯಬೇಡಿ. ನಮ್ಮ ಬೋರ್‌ವೆಲ್ ನೀರೇ ಗಡಸು, ಅದರಲ್ಲೇ ಸುಣ್ಣದಂಶ ಸಾಕಷ್ಟಿದೆ. ಬೂದಿಯೂ ಸೇರಿದರೆ ಎಲೆ ಹಳದಿಯಾಗುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪಟ್ಟೆ ಕಂಡರೆ, ಒಂದು ಸಲ ತಳದಿಂದ ಹರಿದು ಹೋಗುವಷ್ಟು ನೀರು ಕೊಟ್ಟು ಉಪ್ಪು ತೊಳೆಯಬೇಕು.

ಚೆನ್ನೈನವರಲ್ಲಿ ನಾನು ತುಂಬಾ ಮೆಚ್ಚುವುದು ಅವರ ತಾಳ್ಮೆ. ಮೇ ತಿಂಗಳ ಅಗ್ನಿ ನಕ್ಷತ್ರದ, ಅಂದರೆ ಬಿಸಿಲು ತೀರಾ ಏರುವ ದಿನಗಳಲ್ಲಿ ತಿಳಿದವರು ಹೊಸ ಬೀಜ ಹಾಕುವುದಿಲ್ಲ. ಹಳೇ ಮಣ್ಣನ್ನು ಬಿಸಿಲಿಗೆ ಹರಡುತ್ತಾರೆ, ಗೊಬ್ಬರ ಕಲಸಿ ಮುಚ್ಚಿಡುತ್ತಾರೆ, ಬೀಜ ಜೋಡಿಸಿಕೊಳ್ಳುತ್ತಾರೆ. ಜುಲೈ ಮಧ್ಯದಲ್ಲಿ ತಮಿಳರ ಆಡಿ ತಿಂಗಳು ಶುರುವಾದ ಮೇಲೆ ಬಿತ್ತನೆ. ನಮ್ಮ ಹಿರಿಯರೂ ಭರಣಿ, ಕೃತ್ತಿಕಾ, ರೋಹಿಣಿ ಅಂತ ಮಳೆ ಲೆಕ್ಕ ಹಾಕಿಯೇ ಬಿತ್ತುತ್ತಿದ್ದರು. ಹೊಲದಲ್ಲಿ ಇನ್ನೂ ಇರುವ ಆ ಲೆಕ್ಕ ಮನೆಯಂಗಳಕ್ಕೆ ಯಾಕೆ ಬರಬಾರದು?

ಹಾಗಂತ ಬೇಸಿಗೆಯಲ್ಲಿ ಏನೂ ಬೆಳೆಯಬಾರದು ಅಂತಲ್ಲ. ಚವಳಿಕಾಯಿ, ಬೆಂಡೆ, ಅಲಸಂದೆ, ಪುಂಡಿಸೊಪ್ಪು, ದಂಟು ಬಿಸಿಲನ್ನು ತಡೆಯುತ್ತವೆ. ಕೊತ್ತಂಬರಿ ಬೇಡ, ಬೇಗ ಹೂವಿಗೆ ಬರುತ್ತದೆ. ದುಂಡು ಮಲ್ಲಿಗೆಗೆ ಇದೇ ಕಾಲ. ಅದನ್ನು ನೆರಳಿಗೆ ಎಳೆಯಬೇಡಿ, ಬಿಸಿಲಿದ್ದರೇ ಮೊಗ್ಗು. ಟೊಮೆಟೊ ವಿಷಯದಲ್ಲಂತೂ ನಮ್ಮೂರೇ ಮೇಲು. ಚೆನ್ನೈನಲ್ಲಿ ಮೇ ರಾತ್ರಿ 27-28 ಡಿಗ್ರಿ ಇರುತ್ತದೆ, ಹೂವು ಕಾಯಿ ಕಟ್ಟದೆ ಉದುರುತ್ತದೆ. ದುರ್ಗದ ರಾತ್ರಿ ಅದಕ್ಕಿಂತ ನಾಲ್ಕೈದು ಡಿಗ್ರಿ ತಣ್ಣಗೆ. ಗಿಡವನ್ನು ಮನೆಯ ಪೂರ್ವಕ್ಕೆ ಇಡಿ. ಅದಾಗದಿದ್ದರೆ ಅರ್ಧ ಬಿಸಿಲು ತಡೆಯುವ ಹಸಿರು ಬಲೆಯನ್ನು ಪಡುವಣದ ಕಡೆ ಕಟ್ಟಿ. ಕಾಯಿ ನಿಲ್ಲುತ್ತದೆ.

ನೀರು ಬೆಳಿಗ್ಗೆಯೇ ಹಾಕಿ, ವಾರಕ್ಕೆರಡು ಸಲವಾದರೂ ಬೇರಿನವರೆಗೆ ಇಳಿಯಲಿ. ತರಕಾರಿ ಪಾತಿಯ ನಡುವೆ ಮಣ್ಣಿನ ಗಡಿಗೆಯನ್ನು ಕತ್ತಿನವರೆಗೆ ಹೂತು ನೀರು ತುಂಬಿ ಮುಚ್ಚಿದರೆ ಎರಡು ಮೂರು ದಿನ ಮೆಲ್ಲಗೆ ಜಿನುಗುತ್ತದೆ. ಬಚ್ಚಲ ನೀರು ಬಾಳೆಗೆ, ಕೆಸುವಿಗೆ ಹೋಗಲಿ, ಸೊಪ್ಪಿಗೆ ಬೇಡ.

ಇನ್ನು ಮಳೆ ನೀರು. ತಮಿಳುನಾಡಿನಲ್ಲಿ 2003ರಿಂದ ಕಟ್ಟಡಗಳಿಗೆ ಮಳೆ ಕೊಯ್ಲು ಕಡ್ಡಾಯ. ಹಾಗಿದ್ದೂ 2019ರ ಜುಲೈನಲ್ಲಿ ಚೆನ್ನೈಗೆ ರೈಲಿನಲ್ಲಿ ನೀರು ತರಬೇಕಾಯಿತು. ನಮ್ಮದು ಕೋಟೆಯ ಬಂಡೆ ಮೇಲೆ ಬಿದ್ದ ಮಳೆಯನ್ನು ಹೊಂಡದಿಂದ ಹೊಂಡಕ್ಕೆ ಇಳಿಸಿದ ಊರು. ಇವತ್ತು ಅದೇ ದುರ್ಗಕ್ಕೆ ಕುಡಿಯುವ ನೀರು ಸೂಳೆಕೆರೆಯಿಂದ, ಮಾರಿಕಣಿವೆ ಜಲಾಶಯದಿಂದ ಬರಬೇಕು. ಅಷ್ಟು ದೂರದಿಂದ ಬಂದ ನೀರನ್ನು ಗುಲಾಬಿಗೆ ಸುರಿಯುವಾಗ ನೋವಾಗಬೇಕು. 1000 ಚದರ ಅಡಿ ತಾರಸಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 1800 ಲೀಟರ್ ನೀರು. ಏಪ್ರಿಲ್ ಕೊನೆಗೆ ಭರಣಿ ಹುಟ್ಟುತ್ತದೆ. ಅಷ್ಟರೊಳಗೆ ತಾರಸಿ ಗುಡಿಸಿ, ಪೈಪಿಗೆ ಜಾಲರಿ ಹಾಕಿ, ಎರಡು ಡ್ರಮ್ ಜೋಡಿಸಿಕೊಳ್ಳಿ. ಮೊದಲ ಮಳೆಯ ಧೂಳು ಹೊರಗೆ ಹರಿದು ಹೋಗಲಿ, ಆಮೇಲೆ ಪೈಪನ್ನು ಡ್ರಮ್ಮಿಗೆ ತಿರುಗಿಸಿ. ಡ್ರಮ್ಮಿನ ಬಾಯಿಗೆ ಸೊಳ್ಳೆ ಪರದೆ ಬಿಗಿಯಾಗಿ ಕಟ್ಟುವುದನ್ನು ಮರೆಯಬೇಡಿ.